ಹತ್ತು ಕಿಲೋ ಬಟ್ಟೆಗೊಂದು ಜಿಗ್ಗರ್: ಬಣ್ಣ ಹಾಕುವ ಓಪನ್ ಸೋರ್ಸ್ ಯಂತ್ರ ಕಟ್ಟುವ ಬಗೆ

ಕೈಮಗ್ಗದ ಸಂಘಗಳಿಗೂ ಮನೆಯಿಂದಲೇ ಬಟ್ಟೆ ಮಾರುವವರಿಗೂ ಈಗ ಆರ್ಡರು ಬರುವುದು ಫೋನಿನಲ್ಲಿ ಕಂಡ ಫೋಟೊ ನೋಡಿ. ‘ಕಳೆದ ಸಲ ಕಳಿಸಿದ ಇಟ್ಟಿಗೆ ಕೆಂಪೇ ಬೇಕು, ಮೂವತ್ತು ಮೀಟರ್ ಸಾಕು’ ಎನ್ನುತ್ತಾರೆ. ಮೂವತ್ತು ಮೀಟರಿಗಾಗಿ ದೊಡ್ಡ ಪ್ರೊಸೆಸಿಂಗ್ ಮಿಲ್ಲಿನವರು ಯಂತ್ರ ತೊಳೆದು ಕೊಡುವುದಿಲ್ಲ. ಕೊಪ್ಪರಿಗೆಗೆ ಹಾಕಿ ಕೋಲಿನಲ್ಲಿ ತಿರುವಿದರೆ ಬಣ್ಣವೇನೋ ಹತ್ತುತ್ತದೆ, ಥಾನಿನ ಈ ತುದಿಗೂ ಆ ತುದಿಗೂ ಶೇಡ್ ಕೂಡುವುದಿಲ್ಲ. ಈ ನಡುವಿನ ಜಾಗಕ್ಕೆ ಬೇಕಾದದ್ದು ಹತ್ತು ಕಿಲೋ ಬಟ್ಟೆ ಹಿಡಿಯುವ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಕಟ್ಟಬಹುದಾದ ಸಣ್ಣ ಯಂತ್ರ, ಹೆಸರು ಜಿಗ್ಗರ್. ಅದರ ನಕ್ಷೆ, ವಿದ್ಯುತ್ ಜೋಡಣೆ, ಒಳಗಿನ ಪ್ರೋಗ್ರಾಮು ಎಲ್ಲವೂ ಯಾರು ಬೇಕಾದರೂ ನೋಡಿ, ತಿದ್ದಿ, ಮಾಡಿ, ಮಾರಲು ಮುಕ್ತವಾಗಿದ್ದರೆ ಅದು ಓಪನ್ ಸೋರ್ಸ್ ಯಂತ್ರ.

ಒಂದು ಮಿತಿಯನ್ನು ಮೊದಲೇ ಹೇಳಬೇಕು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇವುಗಳಲ್ಲಿ ನೂಲಿಗೆ ಬಣ್ಣ ಹಾಕಿ ಆಮೇಲೆ ನೇಯುತ್ತಾರೆ. ಅಲ್ಲಿ ಬೇಕಾದದ್ದು ಲಡಿ ನೂಲಿನ ಯಂತ್ರ, ಅದರ ವಿನ್ಯಾಸವೇ ಬೇರೆ. ಇಲ್ಲಿ ಹೇಳುತ್ತಿರುವುದು ನೇಯ್ದಾದ ಬಿಳಿ ಹತ್ತಿ ಬಟ್ಟೆಗೆ ಇಡಿಯಾಗಿ ಒಂದೇ ಬಣ್ಣ ಹಾಕುವ ವಿಚಾರ: ಶರ್ಟಿಂಗ್, ಡ್ರೆಸ್ ಮೆಟೀರಿಯಲ್, ಹಾಸಿಗೆ ಬಟ್ಟೆ, ಕುಪ್ಪಸದ ಬಟ್ಟೆ. ಬನಿಯನ್ ಬಟ್ಟೆಯಂಥ ಹೆಣೆದ ಬಟ್ಟೆ ಇದರಲ್ಲಿ ಎಳೆದು ಉದ್ದವಾಗಿಬಿಡುತ್ತದೆ, ಅದಕ್ಕೂ ಇದು ಆಗದು.

ಬಣ್ಣ ಹತ್ತುವುದು ಎಂದರೇನು

ಹತ್ತಿಗೆ ಇಂದು ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಬಣ್ಣ ಹತ್ತಿಯ ಎಳೆಯ ಮೇಲೆ ಸುಮ್ಮನೆ ಕೂರುವುದಿಲ್ಲ, ಎಳೆಯೊಂದಿಗೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಒಗೆದರೂ ಬಣ್ಣ ಬಿಡದಿರುವುದು ಅದಕ್ಕೇ.

ಕೆಲಸ ಎರಡು ಹಂತದಲ್ಲಿ ಆಗುತ್ತದೆ. ನೀರಿನಲ್ಲಿ ಹತ್ತಿಗೂ ಬಣ್ಣಕ್ಕೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಹಾಕಿದಾಗ ಆ ತಳ್ಳಾಟ ತಗ್ಗಿ ಬಣ್ಣ ನೀರಿನಿಂದ ಬಟ್ಟೆಯ ಕಡೆಗೆ ಸರಿಯುತ್ತದೆ. ಇದು ಮೊದಲ ಹಂತ, ಇಲ್ಲಿಯವರೆಗೆ ಬಣ್ಣ ಇನ್ನೂ ಅಂಟಿಲ್ಲ. ಎರಡನೆಯ ಹಂತದಲ್ಲಿ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಹಾಕಿ ನೀರನ್ನು ಕ್ಷಾರವಾಗಿಸಿದಾಗ ಬಣ್ಣ ಎಳೆಗೆ ಕೂಡುತ್ತದೆ. ತೊಡಕು ಏನೆಂದರೆ, ಕ್ಷಾರ ಬಿದ್ದ ಗಳಿಗೆಯಿಂದ ಬಣ್ಣ ಹತ್ತಿಯೊಂದಿಗೆ ಮಾತ್ರವಲ್ಲ, ನೀರಿನೊಂದಿಗೂ ಕೂಡಲು ಶುರು ಮಾಡುತ್ತದೆ. ನೀರಿನೊಂದಿಗೆ ಕೂಡಿದ ಬಣ್ಣ ಮತ್ತೆ ಹತ್ತಿಗೆ ಅಂಟುವುದಿಲ್ಲ. ಹೀಗೆ ಹಾಕಿದ ಬಣ್ಣದಲ್ಲಿ ನೂರಕ್ಕೆ ಇಪ್ಪತ್ತರಿಂದ ನಲವತ್ತು ಪಾಲು ಕೊನೆಗೆ ಚರಂಡಿ ಸೇರುತ್ತದೆ.

ಒಮ್ಮೆ ಕೂಡಿದ ಬಣ್ಣ ಜಾಗ ಬದಲಿಸುವುದಿಲ್ಲ. ಹಾಗಾಗಿ ಸೋಡಾ ಬೀಳುವ ಮೊದಲೇ ಬಟ್ಟೆಯ ಇಂಚಿಂಚಿಗೂ ಬಣ್ಣ ಸಮನಾಗಿ ಹರಡಿರಬೇಕು. ಯಂತ್ರದ ಕೆಲಸ ಇಷ್ಟೇ: ಬಟ್ಟೆಯನ್ನು ಸಮನಾಗಿ ಓಡಿಸುವುದು, ನೀರನ್ನು ಸಮನಾಗಿ ಕಾಯಿಸುವುದು, ಸಾಮಗ್ರಿಯನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು. ಉಳಿದದ್ದೆಲ್ಲ ಅಲಂಕಾರ, ಕಡಿಮೆ ಖರ್ಚಿನ ಯಂತ್ರದಲ್ಲಿ ಧೈರ್ಯವಾಗಿ ಬಿಡಬಹುದು.

ಕೊಪ್ಪರಿಗೆ ಬಿಟ್ಟು ಜಿಗ್ಗರ್ ಏಕೆ

ಒಂದು ಕಿಲೋ ಬಟ್ಟೆಗೆ ಎಷ್ಟು ಲೀಟರ್ ನೀರು ಎಂಬುದೇ ಈ ಉದ್ಯಮದಲ್ಲಿ ಖರ್ಚಿನ ಮೂಲ. ಕೊಪ್ಪರಿಗೆಯಲ್ಲಿ ಕಿಲೋಗೆ ಇಪ್ಪತ್ತು ಲೀಟರಾದರೂ ಬೇಕು, ಇಲ್ಲದಿದ್ದರೆ ಬಟ್ಟೆ ಮುದ್ದೆಯಾಗುತ್ತದೆ. ಜಿಗ್ಗರಿನಲ್ಲಿ ಐದು ಲೀಟರ್ ಸಾಕು. ಉಪ್ಪು, ಸೋಡಾ, ಶಾಖ ಮೂರನ್ನೂ ಲೆಕ್ಕ ಹಾಕುವುದು ಲೀಟರಿನ ಮೇಲೆ. ಹತ್ತು ಕಿಲೋ ಬಟ್ಟೆಗೆ ಕೊಪ್ಪರಿಗೆಯಲ್ಲಿ 200 ಲೀಟರ್ ನೀರು. ಲೀಟರಿಗೆ 50 ಗ್ರಾಂನಂತೆ ಹತ್ತು ಕಿಲೋ ಉಪ್ಪು. 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 8 ಯೂನಿಟ್ ಕರೆಂಟು. ಜಿಗ್ಗರಿನಲ್ಲಿ 50 ಲೀಟರ್, ಎರಡೂವರೆ ಕಿಲೋ ಉಪ್ಪು, 2 ಯೂನಿಟ್.

ಜಿಗ್ಗರ್ ಎಂದರೆ ತೊಟ್ಟಿಯ ಮೇಲೆ ಅಕ್ಕಪಕ್ಕ ಎರಡು ಉರುಳೆ. ಬಟ್ಟೆ ಪೂರ್ತಿ ಅಗಲದಲ್ಲಿ ಒಂದು ಉರುಳೆಯಿಂದ ಬಿಚ್ಚಿ, ತೊಟ್ಟಿಯ ಬಣ್ಣದ ನೀರಿನಲ್ಲಿ ಮುಳುಗಿ, ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ತುದಿ ಬಂದಾಗ ದಿಕ್ಕು ತಿರುಗುತ್ತದೆ. ಹಳೆಯ ಟೇಪ್‌ರೆಕಾರ್ಡರ್ ಕ್ಯಾಸೆಟ್ಟು ಓಡುವುದು ಹೀಗೆಯೇ. ಆ ಕ್ಯಾಸೆಟ್ಟನ್ನು ನೆನಪಿನಲ್ಲಿಟ್ಟುಕೊಳ್ಳಿ, ಅದನ್ನು ಬೇಗಬೇಗ ಮುಂದಕ್ಕೋಡಿಸುವಾಗ ಇದ್ದ ತೊಂದರೆಯೇ ಇಲ್ಲೂ ಎದುರಾಗುತ್ತದೆ. ಒಮ್ಮೆ ಈ ಕಡೆಯಿಂದ ಆ ಕಡೆಗೆ ಹೋದರೆ ಅದನ್ನು ಒಂದು ‘ಎಂಡ್’ ಎನ್ನುತ್ತಾರೆ.

ತೊಟ್ಟಿ ಮತ್ತು ಉರುಳೆಗಳು

48 ಇಂಚು, ಅಂದರೆ ಸುಮಾರು 1.2 ಮೀಟರ್ ಪನ್ನದ ಬಟ್ಟೆಗೆ ತೊಟ್ಟಿ 1.3 ಮೀಟರ್ ಉದ್ದವಿರಲಿ. ಅಡ್ಡ ಸೀಳಿದರೆ ಮೇಲೆ 28 ಸೆಂ.ಮೀ., ತಳದಲ್ಲಿ 10 ಸೆಂ.ಮೀ., ಆಳ 20 ಸೆಂ.ಮೀ. ಕಾಣಬೇಕು. ಇದಕ್ಕೆ ಸುಮಾರು 49 ಲೀಟರ್ ಹಿಡಿಯುತ್ತದೆ. ಆ ಗುರುತಿನ ಮೇಲೆ ಇನ್ನೂ ಐದಾರು ಸೆಂ.ಮೀ. ಗೋಡೆ ಎತ್ತಿ. ತಳ ಕಿರಿದಾದಷ್ಟೂ ನೀರು ಉಳಿಯುತ್ತದೆ.

ಲೋಹ ಎಸ್‌ಎಸ್ 316 ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. 304 ಅಗ್ಗ, ಆದರೆ ಅಡುಗೆ ಉಪ್ಪಿನ ಕ್ಲೋರೈಡು ಬಿಸಿಯಲ್ಲಿ ಅದಕ್ಕೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ, ಅದರಲ್ಲೂ ವೆಲ್ಡಿಂಗ್ ಗೆರೆಯ ಬದಿಯಲ್ಲಿ. 316ರಲ್ಲಿರುವ ಎರಡು ಮೂರು ಶೇಕಡಾ ಮಾಲಿಬ್ಡಿನಮ್ ಅದನ್ನು ತಡೆಯುತ್ತದೆ. 304 ಬಿಟ್ಟರೆ ಗತಿಯಿಲ್ಲ ಎಂದಾದರೆ ಅಡುಗೆ ಉಪ್ಪು ಬಿಟ್ಟು ಗ್ಲಾಬರ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಬಳಸಿ. ಅದರಲ್ಲಿ ಕ್ಲೋರೈಡು ಇಲ್ಲ. ಪ್ಲಾಸ್ಟಿಕ್ ತೊಟ್ಟಿಯ ಆಸೆ ಎಲ್ಲರಿಗೂ ಬರುತ್ತದೆ. ಪಾಲಿಪ್ರೊಪಿಲೀನ್ 60 ಡಿಗ್ರಿಗೆ ಸರಿ, ಆದರೆ ಕೊನೆಯಲ್ಲಿ 90 ಡಿಗ್ರಿಯ ಸೋಪು ನೀರಿಗೆ ಬಾಗುತ್ತದೆ. ಆಗ ಸೋಪಿನ ಕೆಲಸಕ್ಕೆ ಬೇರೆ ಪಾತ್ರೆ ಇಡಬೇಕಾಗುತ್ತದೆ.

ಸುತ್ತುವ ಉರುಳೆಗಳಿಗೆ ನಾಲ್ಕು ಇಂಚಿನ ಎಸ್‌ಎಸ್ ಪೈಪು, ಎರಡೂ ತುದಿಗೆ 20 ಮಿ.ಮೀ. ಶಾಫ್ಟು. ಬೇರಿಂಗ್ ತೊಟ್ಟಿಯ ಗೋಡೆಯಿಂದ ಹೊರಗಿರಬೇಕು, ಗ್ರೀಸು ಬಟ್ಟೆಗೆ ಹನಿಯಬಾರದು. ಬಟ್ಟೆಯನ್ನು ಮುಳುಗಿಸಿ ಹಾಯಿಸುವ, ನೀರೊಳಗಿನ ಎರಡು ಸಣ್ಣ ಉರುಳೆಗಳಿಗೆ ಬಾಲ್ ಬೇರಿಂಗ್ ಬೇಡ. ಟೆಫ್ಲಾನ್ ಬುಷ್ ಸಾಕು. ನೈಲಾನ್ ಬುಷ್ ನೀರು ಕುಡಿದು ಉಬ್ಬಿ ಶಾಫ್ಟನ್ನು ಹಿಡಿಯುತ್ತದೆ. ಸಾದಾ ಕಬ್ಬಿಣದ ಒಂದು ಬೋಲ್ಟ್ ಕೂಡ ಬಣ್ಣದ ನೀರಿಗೆ ತಾಗಬಾರದು, ತುಕ್ಕಿನ ಕಲೆ ಬಿದ್ದರೆ ಹೋಗುವುದಿಲ್ಲ. ಹೆಗ್ಗೋಡಿನ ‘ಚರಕ’ ಎಂಬ ಕೈಮಗ್ಗದ ಸಂಘದಲ್ಲಿ ಬಳಸುವಂಥ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ರಸ) ಬಣ್ಣವಾದರಂತೂ ಕಬ್ಬಿಣ ತಾಗಿದಲ್ಲೆಲ್ಲ ಕಪ್ಪಾಗುತ್ತದೆ, ಚೊಗರಿನ ಒಗರಿನಂಶವಾದ ಟ್ಯಾನಿನ್ನಿಗೂ ಕಬ್ಬಿಣಕ್ಕೂ ಅಂಥ ನಂಟು.

ಓಡಿಸುವುದು: ಇಲ್ಲೇ ಎಲ್ಲರೂ ಎಡವುವುದು

ಮೀಟರಿಗೆ 144 ಗ್ರಾಂ ತೂಗುವ ಬಟ್ಟೆ ಹತ್ತು ಕಿಲೋ ಎಂದರೆ ಸುಮಾರು 70 ಮೀಟರ್. ದಪ್ಪ 0.3 ಮಿ.ಮೀ. ಇದ್ದರೆ 10 ಸೆಂ.ಮೀ. ಉರುಳೆಗೆ 153 ಸುತ್ತು ಬಿದ್ದು ವ್ಯಾಸ 19 ಸೆಂ.ಮೀ. ದಾಟುತ್ತದೆ. ಸುತ್ತುವ ಉರುಳೆಯನ್ನು ನಿಮಿಷಕ್ಕೆ 40 ಸುತ್ತಿನಂತೆ ತಿರುಗಿಸುತ್ತಲೇ ಇದ್ದರೆ ಬಟ್ಟೆಯ ವೇಗ ಮೊದಲಿಗೆ ನಿಮಿಷಕ್ಕೆ 12.5 ಮೀಟರ್, ಕೊನೆಗೆ 24. ಕ್ಯಾಸೆಟ್ಟಿನ ತೊಂದರೆ ಎಂದದ್ದು ಇದನ್ನೇ. ವೇಗ ದುಪ್ಪಟ್ಟಾದರೆ ಬಟ್ಟೆ ನೀರಿನಲ್ಲಿ ಮುಳುಗಿರುವ ಹೊತ್ತು ಅರ್ಧವಾಗುತ್ತದೆ, ಎಳೆತವೂ ಬದಲಾಗುತ್ತದೆ.

ಪರಿಹಾರ ಸುಲಭ. ಎರಡೂ ಉರುಳೆಯ ತುದಿಗೆ ಆರಾರು ಸಣ್ಣ ಅಯಸ್ಕಾಂತ ಅಂಟಿಸಿ, ಎದುರಿಗೆ ಅಯಸ್ಕಾಂತ ಹಾದುದನ್ನು ಗುರುತಿಸುವ ಒಂದೊಂದು ಹಾಲ್ ಸೆನ್ಸರ್ ಇಡಿ. ಎಷ್ಟು ಸುತ್ತು ಆಗಿದೆ ಎಂಬ ಲೆಕ್ಕದಿಂದ ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು ಆ ಕ್ಷಣದ ವ್ಯಾಸ ಕಂಡುಹಿಡಿಯುತ್ತದೆ. ವ್ಯಾಸ ಹೆಚ್ಚಿದಂತೆ ಮೋಟರಿನ ವೇಗ ತಗ್ಗಿಸಿ ಬಟ್ಟೆಯನ್ನು ನಿಮಿಷಕ್ಕೆ 18 ಮೀಟರಿನಲ್ಲೇ ಇಡುತ್ತದೆ. ಆಗ ಒಂದು ಎಂಡಿಗೆ ನಾಲ್ಕು ನಿಮಿಷ. ಬಿಚ್ಚುವ ಉರುಳೆಯಲ್ಲಿ ನಾಲ್ಕು ಸುತ್ತು ಉಳಿದಾಗ ನಿಧಾನಿಸಿ, ನಿಂತು, ದಿಕ್ಕು ತಿರುಗಬೇಕು. ಥಾನಿನ ಎರಡೂ ತುದಿಗೆ ಮೂರು ಮೀಟರ್ ಪಾಲಿಯೆಸ್ಟರ್ ಬಟ್ಟೆ ಹೊಲಿದಿಟ್ಟರೆ ಈ ಉಳಿದ ಸುತ್ತುಗಳಲ್ಲಿ ಹತ್ತಿ ಸಿಕ್ಕಿಕೊಳ್ಳುವುದಿಲ್ಲ. ರಿಯಾಕ್ಟಿವ್ ಬಣ್ಣ ಪಾಲಿಯೆಸ್ಟರಿಗೆ ಹತ್ತುವುದಿಲ್ಲವಾದ್ದರಿಂದ ಅದೇ ತುಂಡು ಮತ್ತೆಮತ್ತೆ ಬಳಕೆಗೆ ಬರುತ್ತದೆ.

ಮೋಟರ್ ಯಾವುದು? ಅಗ್ಗವಾಗಿ ಸಿಗುವ ಕಾರಿನ ವೈಪರ್ ಮೋಟರಿಗೆ ಕೈ ಹೋಗುವುದು ಸಹಜ. ಅದು ಇಲ್ಲಿ ಬರುವುದಿಲ್ಲ. ಅದರೊಳಗಿನ ವರ್ಮ್ ಗೇರು ಹೊರಗಿನಿಂದ ತಿರುಗಿಸಿದರೆ ತಿರುಗುವುದೇ ಇಲ್ಲ. ಒಂದು ಉರುಳೆ ಎಳೆಯುವಾಗ ಇನ್ನೊಂದು ಸಡಿಲವಾಗಿ ಬಿಚ್ಚಿಕೊಳ್ಳಬೇಕು, ವರ್ಮ್ ಗೇರು ಅದನ್ನು ಬೀಗ ಹಾಕಿದಂತೆ ಹಿಡಿಯುತ್ತದೆ, ಬಟ್ಟೆ ಹರಿಯುತ್ತದೆ. ವಿದ್ಯುತ್ ಸೈಕಲ್ಲಿಗೆ ಬರುವ 24 ವೋಲ್ಟಿನ, 250 ವ್ಯಾಟಿನ ಸಾದಾ ಹಲ್ಲುಗೇರಿನ ಡಿಸಿ ಮೋಟರು ಎರಡು ತೆಗೆದುಕೊಂಡು, ಚೈನಿನಿಂದ ವೇಗ ಇಳಿಸಿ ಉರುಳೆಗೊಂದರಂತೆ ಜೋಡಿಸಿ. ಚೈನ್ ಚಕ್ರ ಫ್ರೀವೀಲ್ ಆಗಿರಬಾರದು. ಬಟ್ಟೆಯನ್ನು ಆರು ಕಿಲೋ ತೂಕದಷ್ಟು ಬಲದಿಂದ ಈ ವೇಗದಲ್ಲಿ ಎಳೆಯಲು ಬೇಕಾದದ್ದು 18 ವ್ಯಾಟ್ ಮಾತ್ರ, ಉಳಿದ ಶಕ್ತಿ ಇರುವುದು ಘರ್ಷಣೆಗೂ ಒದ್ದೆ ಉರುಳೆಯನ್ನು ಹೊರಡಿಸುವುದಕ್ಕೂ.

ಬಿಚ್ಚಿಕೊಳ್ಳುವ ಕಡೆಯ ಮೋಟರು ಆಗ ಜನರೇಟರಿನಂತೆ ತಿರುಗುತ್ತದೆ. ಅದರ ಎರಡು ತಂತಿಗಳ ನಡುವೆ ಒಂದು ರೆಸಿಸ್ಟರ್ ಕೂರಿಸಿದರೆ ಅದೇ ಬ್ರೇಕು. ಬ್ರೇಕ್ ಸಡಿಲವಾದರೆ ಬಟ್ಟೆ ಸುಕ್ಕುಗಟ್ಟಿ ಸುತ್ತಿಕೊಂಡು, ಸುಕ್ಕಿನ ಗೆರೆಯಲ್ಲೇ ಬಣ್ಣದ ಗೆರೆ ಬೀಳುತ್ತದೆ. ಬಿಗಿಯಾದರೆ ಪನ್ನ ಕುಗ್ಗಿ ಅಂಚು ಮಡಚುತ್ತದೆ. ಕೈಮಗ್ಗದ ಬಟ್ಟೆಯ ಪನ್ನ ಅಲ್ಲಲ್ಲಿ ಬೆರಳಗಲ ಹೆಚ್ಚುಕಡಿಮೆ ಇರುವುದರಿಂದ, ಸುತ್ತುವ ಮೊದಲು ಬಟ್ಟೆಯನ್ನು ಅಗಲಿಸುವ ಬಾಗಿದ ಸರಳೊಂದು ಎರಡೂ ಕಡೆ ಬೇಕೇಬೇಕು.

ಡಿಸಿ ಮೋಟರ್ ಆಯ್ದುಕೊಳ್ಳಲು ಇನ್ನೊಂದು ಕಾರಣ ಕರೆಂಟು. ಸೋಡಾ ಬಿದ್ದ ಮೇಲೆ ಯಂತ್ರ ಐದು ನಿಮಿಷ ನಿಂತರೂ ತೊಟ್ಟಿಯೊಳಗಿದ್ದ ತುಂಡಿಗೆ ಅಡ್ಡಪಟ್ಟಿ ಬೀಳುತ್ತದೆ. ಎರಡು 12 ವೋಲ್ಟ್ ಬ್ಯಾಟರಿ ಇದ್ದರೆ ಕರೆಂಟು ಹೋದರೂ ಬಟ್ಟೆ ಓಡುತ್ತಿರುತ್ತದೆ. ಹೀಟರ್ ಸ್ವಲ್ಪ ಹೊತ್ತು ಕಾಯಬಹುದು, ಬಟ್ಟೆ ಕಾಯುವಂತಿಲ್ಲ.

ಪ್ರೋಗ್ರಾಮು ಬರೆಯುವವರಿಗೆ ಒಂದು ಮಾತು. ಸುತ್ತಿನ ಲೆಕ್ಕ ಅಳಿಯದಿರಲೆಂದು ಪ್ರತಿ ಸುತ್ತಿಗೂ ಆರ್ಡುಯಿನೊ ನ್ಯಾನೊದ ಈಪ್ರಾಮಿನಲ್ಲಿ (ಕರೆಂಟು ಹೋದರೂ ಅಳಿಯದ ಮೆಮೊರಿ) ಒಂದೇ ಜಾಗಕ್ಕೆ ಬರೆಯಬೇಡಿ. ಅದರ ಆಯುಷ್ಯ ಲಕ್ಷ ಬರಹ. ತೊಳೆಯುವುದೂ ಸೇರಿ ಒಂದು ಲಾಟಿಗೆ, ಅಂದರೆ ಒಮ್ಮೆಗೆ ಬಣ್ಣ ಹಾಕುವ ಬಟ್ಟೆಗೆ, 40 ಎಂಡ್, ಎಂಡಿಗೆ 153 ಸುತ್ತು. ಹದಿನಾರು ಲಾಟಿಗೆ ಆಯುಷ್ಯ ಮುಗಿಯುತ್ತದೆ. ದಿಕ್ಕು ತಿರುಗುವಾಗ ಒಮ್ಮೆ ಬರೆದರೆ ಸಾಕು.

ಶಾಖ

ತೊಟ್ಟಿಯ ಉದ್ದಕ್ಕೂ ಮಲಗಿರುವ 1.5 ಕಿಲೋವ್ಯಾಟಿನ ಎರಡು ಹೀಟರ್, ಮೇಲೆ ತೂತಿನ ತಗಡು. ಒಂದೇ ಮೂಲೆಯಲ್ಲಿ ಹೀಟರಿದ್ದರೆ ಆ ಕಡೆಯ ಅಂಚು ಗಾಢವಾಗುತ್ತದೆ. ಮೂರು ಕಿಲೋವ್ಯಾಟಿಗೆ 50 ಲೀಟರ್ ನೀರು ನಿಮಿಷಕ್ಕೆ 0.86 ಡಿಗ್ರಿ ಏರುತ್ತದೆ. ಈ ನಿಧಾನಗತಿ ಒಳ್ಳೆಯದೇ, ಬೇಗ ಕಾದರೆ ಬಣ್ಣ ಸಿಕ್ಕಲ್ಲಿ ಹಿಡಿದುಕೊಳ್ಳುತ್ತದೆ. ತಾಪ ಅಳೆಯಲು ಡಿಎಸ್18ಬಿ20 ಸೆನ್ಸರ್ ಸಾಕು. 85 ಡಿಗ್ರಿಯವರೆಗೆ ಅರ್ಧ ಡಿಗ್ರಿ ಆಚೀಚೆಯಲ್ಲಿ ಸರಿ ತೋರಿಸುತ್ತದೆ.

ಹೀಟರನ್ನು ಹಚ್ಚಿ ಆರಿಸುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಸಾಮಾನ್ಯವಾಗಿ ‘ಆನ್’ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬೋರ್ಡು ಆರಿಸು ಎಂದರೂ ಆರುವುದಿಲ್ಲ. ಆದ್ದರಿಂದ ಬೋರ್ಡಿನ ಹಂಗಿಲ್ಲದೆ ಕೆಲಸ ಮಾಡುವ, ಕೈಯಿಂದಲೇ ಮತ್ತೆ ಹಚ್ಚಬೇಕಾದ ಥರ್ಮೊಸ್ಟಾಟ್ ಒಂದನ್ನು 95 ಡಿಗ್ರಿಗೆ ಇಟ್ಟು, ನೀರು ಇಳಿದರೆ ಕಡಿಯುವ ಫ್ಲೋಟ್ ಸ್ವಿಚ್ಚನ್ನೂ ಹೀಟರಿನ ಕರೆಂಟನ್ನೇ ಕಡಿಯುವ ಕಾಂಟ್ಯಾಕ್ಟರಿಗೆ ಕೊಡಿ. 13 ಆಂಪಿಯರ್ ಹರಿಯುವ ರಿಲೇ ಸುಮಾರು 15 ವ್ಯಾಟ್ ಬಿಸಿ ಉಗುಳುತ್ತದೆ, ಅಲ್ಯೂಮಿನಿಯಂ ಹೀಟ್ ಸಿಂಕ್ ಇಲ್ಲದಿದ್ದರೆ ಬೇಗ ಸುಡುತ್ತದೆ. ಉಪ್ಪುನೀರು, ಲೋಹದ ತೊಟ್ಟಿ, ಒದ್ದೆ ನೆಲ ಸೇರಿದ ಜಾಗ ಇದು. ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ವಿಷಯದಲ್ಲಿ ಉಳಿತಾಯ ಮಾಡುವಂತಿಲ್ಲ.

ಎರಡು ಸೆಕೆಂಡು ನೀರಿನಲ್ಲಿದ್ದು ಮೇಲೆ ಬರುವ ಬಟ್ಟೆ ಉಳಿದ ಹೊತ್ತೆಲ್ಲ ಉರುಳೆಯ ಮೇಲೆಯೇ ಇರುತ್ತದೆ. ನಿಜವಾಗಿ ಬಣ್ಣ ಹತ್ತುವುದು ಅಲ್ಲಿ, ಬಟ್ಟೆ ಹೀರಿಕೊಂಡು ತಂದ ನೀರಿನಲ್ಲಿ. ಹಾಗಾಗಿ ಉರುಳೆಗಳನ್ನೂ ಮುಚ್ಚುವ ಮುಚ್ಚಳ ಬೇಕು. ತೆರೆದಿಟ್ಟರೆ ಸುರುಳಿಯ ಎರಡು ಬದಿ ಮೊದಲು ತಣಿದು ಅಂಚು ತಿಳಿಯಾಗುತ್ತದೆ. ಮುಚ್ಚಳ ಇಳಿಜಾರಾಗಿರಲಿ, ಆವಿ ಹನಿಯಾಗಿ ಬಟ್ಟೆಯ ಮೇಲೆ ಬೀಳದೆ ಬದಿಗೆ ಹರಿಯಬೇಕು.

ಒಂದು ಲಾಟು: ಹತ್ತು ಕಿಲೋ, ಎರಡು ಶೇಕಡಾ ಶೇಡ್

ಎರಡು ಶೇಕಡಾ ಎಂದರೆ ಬಟ್ಟೆಯ ತೂಕದ ಮೇಲೆ, ಅಂದರೆ 200 ಗ್ರಾಂ ಬಣ್ಣ. ಇಲ್ಲಿ ಕೊಟ್ಟಿರುವ ಲೆಕ್ಕ 60 ಡಿಗ್ರಿಗೆ ಕೆಲಸ ಮಾಡುವ ವಿನೈಲ್ ಸಲ್ಫೋನ್ ಬಗೆಯ ಬಣ್ಣಕ್ಕೆ.

ಮೊದಲು ಗಂಜಿ, ಮೇಣ ಹೋಗುವಂತೆ ಸೋಡಾ ಮತ್ತು ಸೋಪಿನಲ್ಲಿ ಕುದಿಸಿ ತೊಳೆದಿರಬೇಕು. ಒಣಗಿದ ತುಂಡಿನ ಮೇಲೆ ಒಂದು ಹನಿ ನೀರು ಬಿಡಿ. ಐದು ಸೆಕೆಂಡಿನೊಳಗೆ ಇಂಗದಿದ್ದರೆ ಮತ್ತೆ ಕುದಿಸುವುದೇ ದಾರಿ, ಅಂಥ ಬಟ್ಟೆಯನ್ನು ಯಾವ ಯಂತ್ರವೂ ಉಳಿಸದು.

ತೊಳೆದ ಬಟ್ಟೆ ತನ್ನ ತೂಕದಷ್ಟೇ, ಅಂದರೆ ಹತ್ತು ಲೀಟರ್ ನೀರು ಹೊತ್ತಿರುತ್ತದೆ. ಆದ್ದರಿಂದ ಹೊಸದಾಗಿ ಹಾಕುವುದು 40 ಲೀಟರ್ ಮಾತ್ರ. ನೀರಿನ ಗಡಸುತನ ಕಟ್ಟಿಹಾಕುವ ಸೀಕ್ವೆಸ್ಟರಿಂಗ್ ಏಜೆಂಟ್ 50 ಗ್ರಾಂ ಬೆರೆಸಿ 40 ಡಿಗ್ರಿಗೆ ಕಾಯಿಸಿ. ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಸುಣ್ಣದಂಶ ಹೆಚ್ಚು, ಬಣ್ಣ ಹರಳುಗಟ್ಟಿ ಚುಕ್ಕೆ ಬೀಳುತ್ತದೆ. ಆ ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಕಾದಾಗ ಅದು ತಾನೇ ಕ್ಷಾರವಾಗಿ, ನೀವು ಸೋಡಾ ಹಾಕುವ ಮೊದಲೇ ಬಣ್ಣ ಅಂಟಲು ಶುರುವಾಗುತ್ತದೆ. ಆಮ್ಲ, ಕ್ಷಾರ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೋಡಿ 6ರಿಂದ 7ರ ನಡುವೆ ಬರುವಷ್ಟು ಅಸಿಟಿಕ್ ಆಮ್ಲ ಸೇರಿಸಿ.

ಬಣ್ಣವನ್ನು ತಣ್ಣೀರಿನಲ್ಲಿ ಕಲಸಿ, ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಇದಕ್ಕೆ ಬೇಕಾದ ನೀರು ಆ 40 ಲೀಟರಿನಿಂದಲೇ ಬರಲಿ. ಪುಡಿ ತೂಗುವಾಗ ಮಾಸ್ಕ್ ಇರಬೇಕು, ರಿಯಾಕ್ಟಿವ್ ಬಣ್ಣದ ಧೂಳು ಉಬ್ಬಸ ತರಬಲ್ಲದು. ಅರ್ಧ ಬಣ್ಣ ಮೊದಲ ಎಂಡಿನಲ್ಲಿ, ಇನ್ನರ್ಧ ಎರಡನೆಯದರಲ್ಲಿ. ಒಂದೇ ಸಲಕ್ಕೆ ಸುರಿದರೆ ಮೊದಲು ಮುಳುಗಿದ ತುದಿ ಗಾಢ, ಕೊನೆಗೆ ಬಂದದ್ದು ತಿಳಿ. ಯಾವ ಸಾಮಗ್ರಿಯನ್ನಾದರೂ ಸರಿಸಂಖ್ಯೆಯ ಎಂಡುಗಳಿಗೆ ಹಂಚಬೇಕೆನ್ನುವುದು ಇದಕ್ಕೇ. ಏನೂ ಹಾಕದೆ ಎರಡು ಎಂಡ್ ಓಡಿಸಿ, ಆಮೇಲೆ ಕರಗಿಸಿದ 2.5 ಕಿಲೋ ಗ್ಲಾಬರ್ ಸಾಲ್ಟನ್ನು ನಾಲ್ಕು ಎಂಡಿಗೆ ಹಂಚಿ. 60 ಡಿಗ್ರಿಗೆ ಏರಿಸಿ ಮತ್ತೆ ನಾಲ್ಕಾರು ಎಂಡ್.

ಈಗ 750 ಗ್ರಾಂ ಸೋಡಾ ಆಶ್, ಕರಗಿಸಿ ಎರಡು ಎಂಡಿಗೆ. ಇಲ್ಲಿ ಆತುರ ಪಟ್ಟರೆ ಗೆರೆ ಬೀಳುತ್ತದೆ. ಕೊಳವೆಯನ್ನು ಒತ್ತುತ್ತ ದ್ರವವನ್ನು ಸ್ವಲ್ಪಸ್ವಲ್ಪವೇ ಕೊಡುವ ಸಣ್ಣ ಪೆರಿಸ್ಟಾಲ್ಟಿಕ್ ಪಂಪೊಂದು ಈ ಕೆಲಸವನ್ನು ಕೈಗಿಂತ ಚೆನ್ನಾಗಿ ಮಾಡುತ್ತದೆ. ಇಡೀ ಯಂತ್ರದಲ್ಲಿ ಅನುಕೂಲಕ್ಕೆಂದು ಸೇರಿಸುವ ಭಾಗ ಒಂದೇ ಇರಬಹುದೆಂದರೆ ನಮ್ಮ ಆಯ್ಕೆ ಇದೇ. ಆಮೇಲೆ ಹದಿನಾರು ಎಂಡ್, ಸುಮಾರು ಒಂದು ತಾಸು.

ನೀರು ಬಿಟ್ಟು ಎರಡು ಸಲ ತಣ್ಣೀರು, ಒಮ್ಮೆ ಲೀಟರಿಗೆ ಒಂದು ಗ್ರಾಂ ಅಸಿಟಿಕ್ ಆಮ್ಲ, ಆಮೇಲೆ 90 ಡಿಗ್ರಿಯಲ್ಲಿ ಸೋಪು. ಅಂಟದೆ ಉಳಿದ ಬಣ್ಣ ಹೊರಬರುವುದು ಈ ಸೋಪಿನಲ್ಲೇ. ಸೌದೆ, ಕರೆಂಟು ಉಳಿಸಲು ಹೋಗಿ ಇದನ್ನು ಬಿಟ್ಟವರ ಬಟ್ಟೆಯೇ ಮನೆಯಲ್ಲಿ ಮೊದಲ ಒಗೆತಕ್ಕೆ ಬಣ್ಣ ಬಿಡುವುದು.

ಹೊರಹೋಗುವ ನೀರು

ಐದು ಲೀಟರಿನ ಲೆಕ್ಕ ಬಣ್ಣದ ನೀರಿಗೆ ಮಾತ್ರ. ತೊಳೆಯುವುದಕ್ಕೆ ಅದರ ಹಲವು ಪಟ್ಟು ಬೇಕು. ನೊಯ್ಯಲ್ ನದಿ ಕೆಡಿಸಿದ ಪ್ರಕರಣದಲ್ಲಿ, ಕೊಳಕು ನೀರನ್ನು ಹೊರಬಿಡದಿರುವ ಷರತ್ತು ಪಾಲಿಸದ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಮದ್ರಾಸ್ ಹೈಕೋರ್ಟ್ 2011ರಲ್ಲಿ ಆದೇಶಿಸಿತು. ಯಂತ್ರ ಸಣ್ಣದೆಂದು ನಿಯಮ ತಪ್ಪುವುದಿಲ್ಲ. ವ್ಯಾಪಾರಕ್ಕೆ ಬಣ್ಣ ಹಾಕುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಪಟಿಕ ಅಥವಾ ಫೆರಸ್ ಸಲ್ಫೇಟ್ ಹಾಕಿ ತಳಕ್ಕಿಳಿಸಿದರೆ ಬಣ್ಣದ ಒಂದಷ್ಟು ಪಾಲು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆ ನೀರನ್ನು ತೋಟಕ್ಕೆ ಬಿಟ್ಟರೆ ಮಣ್ಣು ಸವುಳಾಗುತ್ತದೆ. ಮೊದಲ ಬಣ್ಣದ ನೀರು, ಮೊದಲ ತೊಳೆನೀರು ಇವೆರಡನ್ನೇ ಬೇರ್ಪಡಿಸಿ ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಬಿಸಿಲಿಗೆ ಆವಿಯಾಗಿಸಿದರೆ ಉಪ್ಪಿನ ಬಹುಪಾಲು ಅಲ್ಲೇ ಸಿಗುತ್ತದೆ. ಐವತ್ತು ಲೀಟರಿನ ಯಂತ್ರಕ್ಕೆ ಇದು ಸಾಧ್ಯ, ಇನ್ನೂರು ಲೀಟರಿನ ಕೊಪ್ಪರಿಗೆಗೆ ಕಷ್ಟ.

ಯಾವ ಕಡತ ಹಂಚಬೇಕು

ಫೋಟೊ, ವಿಡಿಯೊ ಹಾಕಿದ ಮಾತ್ರಕ್ಕೆ ಯಂತ್ರ ಓಪನ್ ಸೋರ್ಸ್ ಆಗುವುದಿಲ್ಲ. ತಗಡು ಕತ್ತರಿಸುವವರಿಗೆ ಡಿಎಕ್ಸ್‌ಎಫ್ ಕಡತ, ತಿದ್ದುವವರಿಗೆ ಫ್ರೀಕ್ಯಾಡ್ ಮೂಲ, ಸರ್ಕ್ಯೂಟಿಗೆ ಕೀಕ್ಯಾಡ್ ಕಡತ, ಪ್ರೋಗ್ರಾಮಿನ ಮೂಲ ಪಠ್ಯ, ಪ್ರತಿ ಬೋಲ್ಟಿನ ಅಳತೆಯೂ ಇರುವ ಸಾಮಾನು ಪಟ್ಟಿ ಬೇಕು. ಪರವಾನಗಿಗೆ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ 2020ರಲ್ಲಿ ತಂದ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೆಯ ಆವೃತ್ತಿ ಒಳ್ಳೆಯದು. ಅದರ ‘ಎಸ್’ ಬಗೆಯಲ್ಲಿ, ವಿನ್ಯಾಸ ತಿದ್ದಿ ಯಂತ್ರ ಮಾರುವವರು ತಿದ್ದಿದ ನಕ್ಷೆಯನ್ನೂ ಅದೇ ಷರತ್ತಿನಲ್ಲಿ ಕೊಡಬೇಕು.

ಇವುಗಳ ಜೊತೆಗೆ ಹೆಚ್ಚಿನವರು ಮರೆಯುವ ಕಡತವೊಂದಿದೆ: ಲಾಟಿನ ದಾಖಲೆ. ಬಟ್ಟೆಯ ತೂಕ, ನೀರಿನ ಪಿಎಚ್, ಪ್ರತಿ ಎಂಡಿನ ತಾಪ, ಯಾವ ಎಂಡಿಗೆ ಏನು ಹಾಕಿದ್ದು ಎಂಬುದನ್ನು ಬೋರ್ಡು ಮೆಮೊರಿ ಕಾರ್ಡಿಗೆ ತಾನೇ ಬರೆಯುವಂತೆ ಮಾಡಬಹುದು. ಥಾನಿನ ಎರಡು ತುದಿ ಮತ್ತು ನಡುವಿನಿಂದ, ಅಂಚು ಸೇರಿದಂತೆ, ಒಂದೊಂದು ಪಟ್ಟಿ ಕತ್ತರಿಸಿ ಆ ದಾಖಲೆಯ ಕಾಗದಕ್ಕೆ ಪಿನ್ನು ಮಾಡಿಡಿ. ಮೂರನ್ನೂ ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ದೋಷ ಎಲ್ಲಿಯದೆಂದು ತಿಳಿಯುತ್ತದೆ: ತುದಿಗಳು ಬೇರೆಯಾದರೆ ಸಾಮಗ್ರಿ ಹಂಚಿಕೆ, ಅಂಚು ಬೇರೆಯಾದರೆ ಶಾಖ, ಉದ್ದುದ್ದ ಗೆರೆಯಾದರೆ ಎಳೆತ.